75 ಲಕ್ಷ ಡಾಲರ್ ಮತ್ತು ಒಂದು ಹಳೇ ಮುನಿಸು: ಡೆಟ್ರಾಯಿಟ್‌ನ ಬ್ಯಾಂಕುಗಳಿಗೆ ಬೀಗ ಬಿದ್ದ ಕಥೆ

1933ರ ಫೆಬ್ರವರಿ 14, ಮಂಗಳವಾರ. ಅಮೆರಿಕದ ಮಿಷಿಗನ್ ರಾಜ್ಯ. ಭಾನುವಾರ ಮತ್ತು ಲಿಂಕನ್ ಜನ್ಮದಿನದ ರಜೆ ಮುಗಿಸಿ ಜನ ಬ್ಯಾಂಕಿಗೆ ಬಂದರೆ ಬಾಗಿಲು ತೆರೆದೇ ಇಲ್ಲ. ರಾತ್ರಿ ಒಂದೂವರೆ ಗಂಟೆಯ ಸುಮಾರಿಗೆ ಗವರ್ನರ್ ವಿಲಿಯಂ ಕಾಮ್‌ಸ್ಟಾಕ್ ಒಂದು ಆದೇಶ ಹೊರಡಿಸಿದ್ದರು. ರಾಜ್ಯದ ಎಲ್ಲಾ ಬ್ಯಾಂಕಿಗೂ ಎಂಟು ದಿನ ರಜೆ. ಸುಮಾರು 550 ಬ್ಯಾಂಕು, 9 ಲಕ್ಷ ಠೇವಣಿದಾರರು, 150 ಕೋಟಿ ಡಾಲರ್ ಹಣ. ಎಲ್ಲವೂ ಒಂದೇ ಸಹಿಯಲ್ಲಿ ಒಳಗೆ ಸಿಕ್ಕಿಕೊಂಡವು.

ರಜೆ ಅನ್ನುವ ಪದ ಎಷ್ಟು ಮೆತ್ತಗಿದೆ ನೋಡಿ. ಹಬ್ಬಕ್ಕೆ ಕೊಟ್ಟ ಹಾಗೆ.

ಅಮೆರಿಕದ ಮಹಾ ಕುಸಿತದ ಕಥೆ ಹೇಳುವವರು ಸಾಮಾನ್ಯವಾಗಿ 1929ರ ಅಕ್ಟೋಬರ್‌ನ ವಾಲ್ ಸ್ಟ್ರೀಟಿನಲ್ಲಿ ಷೇರುಪೇಟೆ ಬಿದ್ದಲ್ಲಿಂದ ಶುರು ಮಾಡುತ್ತಾರೆ. ಅದು ತಪ್ಪಲ್ಲ. ಆದರೆ ಷೇರು ಇಟ್ಟುಕೊಂಡಿದ್ದವರು ಆ ದೇಶದಲ್ಲೂ ಕಡಿಮೆ ಜನ. ಉಳಿದವರ ಮನೆಗೆ ಕುಸಿತ ಬಂದದ್ದು ಬೇರೆ ದಾರಿಯಿಂದ: ಸಂಬಳ, ಮನೆ ಸಾಲ, ಊರಿನ ಬ್ಯಾಂಕು. ಆ ದಾರಿಯನ್ನು ನೋಡಬೇಕೆಂದರೆ ಮಿಷಿಗನ್ನಿನ ಕಾರಿನ ಊರು ಡೆಟ್ರಾಯಿಟ್‌ಗಿಂತ ಒಳ್ಳೆಯ ಜಾಗ ಇಲ್ಲ.

ಊರು ಉಬ್ಬಿದ ಬಗೆ

1910ರಲ್ಲಿ ಡೆಟ್ರಾಯಿಟ್‌ನ ಜನಸಂಖ್ಯೆ 4 ಲಕ್ಷ 66 ಸಾವಿರದ ಹತ್ತಿರ. 1930ರಲ್ಲಿ 15 ಲಕ್ಷ 68 ಸಾವಿರ. ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟಿಗೂ ಜಾಸ್ತಿ. ಪೋಲೆಂಡಿನಿಂದ, ಇಟಲಿಯಿಂದ, ಹಂಗೇರಿಯಿಂದ ಜನ ಬಂದರು. ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಕಪ್ಪು ಜನ ಬಂದರು. 1910ರಲ್ಲಿ ಆರು ಸಾವಿರದೊಳಗಿದ್ದ ಅವರ ಸಂಖ್ಯೆ 1930ಕ್ಕೆ 1 ಲಕ್ಷ 20 ಸಾವಿರ ಮುಟ್ಟಿತು. ಎಲ್ಲರನ್ನೂ ಎಳೆದದ್ದು ಒಂದೇ ಒಂದು ಸುದ್ದಿ: ಅಲ್ಲಿ ಕಾರು ಮಾಡುತ್ತಾರೆ, ದಿನಕ್ಕೆ 5 ಡಾಲರ್ ಕೊಡುತ್ತಾರೆ.

ಆ 5 ಡಾಲರ್ ಕೂಲಿಯನ್ನು ಹೆನ್ರಿ ಫೋರ್ಡ್ 1914ರ ಜನವರಿಯಲ್ಲಿ ಘೋಷಿಸಿದ. ಹೆಸರು ಬಂದದ್ದು ಫೋರ್ಡ್‌ಗೆ. ಆದರೆ ಅದರ ಹಿಂದೆ ಇನ್ನೊಬ್ಬನ ಒತ್ತಾಯವೂ ಇತ್ತು. ಅವನ ಹೆಸರು ಜೇಮ್ಸ್ ಕಸನ್ಸ್. ಕಂಪನಿಯ ಲೆಕ್ಕ, ಮಾರಾಟ, ಹಣಕಾಸು ಎಲ್ಲಾ ಅವನ ಕೈಯಲ್ಲಿ. ಫೋರ್ಡ್ ಕಾರು ಮಾಡಿದರೆ ಕಸನ್ಸ್ ಕಂಪನಿ ಮಾಡಿದ ಎಂದರೂ ತಪ್ಪಿಲ್ಲ. 1903ರಲ್ಲಿ ಸಾಲಸೋಲ ಮಾಡಿ 2,500 ಡಾಲರ್ ಹಾಕಿದ್ದ. 1915ರಲ್ಲಿ ಇಬ್ಬರಿಗೂ ಜಗಳವಾಯಿತು. ಮೊದಲ ಮಹಾಯುದ್ಧದ ಬಗ್ಗೆ ಫೋರ್ಡ್ ಕಂಪನಿಯ ಪತ್ರಿಕೆಯಲ್ಲಿ ಬರೆಯಲು ಹೊರಟದ್ದನ್ನು ಕಸನ್ಸ್ ತಡೆದ, ಆಮೇಲೆ ಕೆಲಸ ಬಿಟ್ಟ. 1919ರಲ್ಲಿ ತನ್ನ ಪಾಲು ಮಾರಿದಾಗ ಕೈಗೆ ಬಂದದ್ದು 3 ಕೋಟಿ ಡಾಲರ್‌ಗೆ ಸ್ವಲ್ಪ ಕಡಿಮೆ. ನಂತರ ಡೆಟ್ರಾಯಿಟ್‌ನ ಮೇಯರ್ ಆದ, 1922ರಿಂದ ಸೆನೆಟರ್. ಈ ಇಬ್ಬರನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕು.

ಕಾರು ಮಾಡೋದು ಒಂದು ಕೆಲಸ. ಕೊಳ್ಳುವವರನ್ನು ಹುಡುಕುವುದು ಇನ್ನೊಂದು. ಫೋರ್ಡ್‌ಗೆ ಸಾಲ ಎಂದರೆ ಆಗದು. 1923ರಲ್ಲಿ ಅವನು ತಂದ ಯೋಜನೆ ನಮ್ಮ ಚೀಟಿ ಹಾಕುವ ಲೆಕ್ಕದ ಹಾಗಿತ್ತು. ವಾರಕ್ಕೆ 5 ಡಾಲರ್ ಬ್ಯಾಂಕಿಗೆ ಕಟ್ಟುತ್ತಾ ಹೋಗಿ, ಬೆಲೆಯಷ್ಟು ಸೇರಿದ ಮೇಲೆ ಕಾರು ತಗೊಂಡು ಹೋಗಿ. ಜನ ಆ ಕಡೆ ತಲೆ ಹಾಕಲಿಲ್ಲ. ಯಾಕೆಂದರೆ ಜನರಲ್ ಮೋಟಾರ್ಸ್ 1919ರಲ್ಲೇ ಸಾಲ ಕೊಡುವ ಕಂಪನಿ ಶುರು ಮಾಡಿತ್ತು. ಅಲ್ಲಿ ಇವತ್ತು ಕಾರು, ನಾಳೆಯಿಂದ ಕಂತು. ಯಾರು ಕಾಯುತ್ತಾರೆ ಹೇಳಿ? 1920ರ ದಶಕದ ನಡುವಿಗೆ ಬರುವಾಗ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ನಾಲ್ಕು ಕಾರುಗಳಲ್ಲಿ ಹೆಚ್ಚುಕಡಿಮೆ ಮೂರು ಕಂತಿನ ಮೇಲೆ ಹೋಗುತ್ತಿದ್ದವು. ಕೊನೆಗೆ 1928ರಲ್ಲಿ ಫೋರ್ಡ್ ಕಾರುಗಳಿಗೂ ಸಾಲದ ಕಂಪನಿ ಬಂತು. ಅದನ್ನು ಕಟ್ಟಿದವನು ಅರ್ನೆಸ್ಟ್ ಕಾಂಜ್ಲರ್.

ಕಾಂಜ್ಲರ್ ಫೋರ್ಡ್‌ನ ಮಗ ಎಡ್ಸೆಲ್‌ನ ಷಡ್ಡಕ. ಇಬ್ಬರ ಹೆಂಡತಿಯರು ಅಕ್ಕತಂಗಿಯರು. ಮೊದಲು ಫೋರ್ಡ್ ಕಂಪನಿಯಲ್ಲೇ ದೊಡ್ಡ ಹುದ್ದೆಯಲ್ಲಿದ್ದ. 1926ರಲ್ಲಿ ಮುದುಕ ಹೆನ್ರಿಗೆ ಒಂದು ಟಿಪ್ಪಣಿ ಬರೆದ. ಮಾಡೆಲ್ ಟಿ ಕಾರಿನ ಕಾಲ ಮುಗಿಯಿತು, ಹೊಸದು ಬೇಕು ಅಂತ. ಅವನು ಹೇಳಿದ್ದು ಸರಿಯಾಗಿತ್ತು. ಅದೇ ತಪ್ಪಾಯಿತು, ಕೆಲಸ ಹೋಯಿತು. ಮರುವರ್ಷವೇ ಫೋರ್ಡ್ ಮಾಡೆಲ್ ಟಿ ನಿಲ್ಲಿಸಿದ. ಕಾಂಜ್ಲರ್ ಬ್ಯಾಂಕಿನ ಕಡೆ ಹೋಗಿ ಗಾರ್ಡಿಯನ್ ಎಂಬ ಸಮೂಹದ ಮುಖ್ಯಸ್ಥರಲ್ಲಿ ಒಬ್ಬನಾದ. ಆ ಸಮೂಹದಲ್ಲಿ ಎಡ್ಸೆಲ್ ಹಣ ಹಾಕಿದ್ದ, ನಿರ್ದೇಶಕನೂ ಆಗಿದ್ದ.

ಈ ಏರುಗಾಲವನ್ನು ಕಣ್ಣಿಂದ ನೋಡಬೇಕು ಅಂದರೆ ಗ್ರಿಸ್‌ವಾಲ್ಡ್ ಬೀದಿಗೆ ಹೋಗಬೇಕು. ಅದು ಡೆಟ್ರಾಯಿಟ್‌ನ ವಾಲ್ ಸ್ಟ್ರೀಟು. ಅಲ್ಲಿ 1929ರಲ್ಲಿ ಯೂನಿಯನ್ ಟ್ರಸ್ಟ್ ಎಂಬ, ಬೇರೆಯವರ ಹಣ ಆಸ್ತಿ ನೋಡಿಕೊಳ್ಳುವ ಬ್ಯಾಂಕಿನಂಥ ಕಂಪನಿಯ 40 ಮಹಡಿಯ ಕಟ್ಟಡ ಎದ್ದಿತು. ಬೂದು ಕಲ್ಲಿನ ಬ್ಯಾಂಕ್ ಕಟ್ಟಡಗಳ ನಡುವೆ ಇದು ಕಿತ್ತಳೆ ಬಣ್ಣದ ಇಟ್ಟಿಗೆಯದು. ಮೈಮೇಲೆಲ್ಲಾ ಬಣ್ಣದ ಹೆಂಚಿನ ಚಿತ್ತಾರ. ಒಳಗೆ ದೊಡ್ಡ ಹಾಲ್, ಗೋಡೆಯ ಮೇಲೆ ಮಿಷಿಗನ್ನಿನ ದೊಡ್ಡ ನಕ್ಷೆ. ಸದ್ದು ಪ್ರತಿಧ್ವನಿಸದಿರಲಿ ಎಂದು ಚಾವಣಿಗೆ ಕುದುರೆ ಕೂದಲಿನ ಪದರ ಹಾಕಿ, ಅದರ ಮೇಲೆ ಕ್ಯಾನ್ವಾಸ್ ಎಳೆದು ಬಣ್ಣ ಹಚ್ಚಿದ್ದರು. ಜನ ಅದನ್ನು ಹಣದ ಇಗರ್ಜಿ ಅಂತ ಕರೆದರು. ಇಗರ್ಜಿಯ ಮೌನ, ಆದರೆ ಎಣಿಸೋದು ನೋಟು. ಆ ವರ್ಷದ ಕೊನೆಗೇ ಯೂನಿಯನ್ ಟ್ರಸ್ಟ್ ಗಾರ್ಡಿಯನ್ ಸಮೂಹದೊಳಗೆ ಸೇರಿತು. ಟ್ರಸ್ಟ್ ಕಂಪನಿಯ ಹೊಸ ಹೆಸರು ಯೂನಿಯನ್ ಗಾರ್ಡಿಯನ್ ಟ್ರಸ್ಟ್. ನಮ್ಮ ಪ್ರಕರಣದ ರೋಗಿ ಇದೇ.

ಕಾರು ಮೊದಲು ನಿಂತಿತು

ಕೈ ಬಿಗಿಯಾದಾಗ ಜನ ಊಟ ಬಿಡುವುದಿಲ್ಲ, ಬಾಡಿಗೆ ಬಿಡುವುದಿಲ್ಲ. ಹೊಸ ಕಾರನ್ನು ಬಿಡುತ್ತಾರೆ. ಹಳೇ ಕಾರು ಇನ್ನೊಂದು ವರ್ಷ ಓಡಲಿ ಅಂತಾರೆ. ಹೊಸ ಕಂತು ತಲೆ ಮೇಲೆ ಹೊತ್ತುಕೊಳ್ಳುವ ಧೈರ್ಯ ಮೊದಲು ಹೋಗುತ್ತೆ. ಹಾಗಾಗಿ ಇಡೀ ದೇಶ ಎಡವಿದರೆ ಡೆಟ್ರಾಯಿಟ್ ಮುಗ್ಗರಿಸಿ ಬೀಳುತ್ತದೆ. 1929ರಲ್ಲಿ ಅಮೆರಿಕದಲ್ಲಿ ಕಾರು, ಟ್ರಕ್ ಸೇರಿ 53 ಲಕ್ಷ ವಾಹನ ತಯಾರಾದವು. 1932ರಲ್ಲಿ ಅದು 13 ಲಕ್ಷಕ್ಕೆ ಇಳಿಯಿತು. ನಾಲ್ಕರಲ್ಲಿ ಒಂದು ಪಾಲು.

1929ರ ಡಿಸೆಂಬರ್‌ನಲ್ಲಿ, ಷೇರುಪೇಟೆ ಬಿದ್ದ ಬಿಸಿಯಲ್ಲೇ, ಫೋರ್ಡ್ ದಿನಗೂಲಿಯನ್ನು 7 ಡಾಲರ್‌ಗೆ ಏರಿಸಿದ. ಪತ್ರಿಕೆಗಳು ಹೊಗಳಿದವು. ಆದರೆ 1929ರ ವಸಂತದಲ್ಲಿ ಫೋರ್ಡ್ ಕಂಪನಿಯಲ್ಲಿದ್ದ 1 ಲಕ್ಷ 28 ಸಾವಿರ ಕೆಲಸಗಾರರಲ್ಲಿ 1931ರ ಆಗಸ್ಟ್ ಹೊತ್ತಿಗೆ ಉಳಿದದ್ದು 37 ಸಾವಿರ. ಕೂಲಿ ಏಳು ಡಾಲರ್ ಇರಬಹುದು, ಅದನ್ನು ಇಸಿದುಕೊಳ್ಳಲು ಗೇಟಿನೊಳಗೆ ಇರಬೇಕಲ್ಲ. ಆಮೇಲೆ ಆ ಕೂಲಿಯನ್ನೂ ಕಡಿದರು.

1932ರ ಮಾರ್ಚ್ 7ರಂದು, ಮೈ ಕೊರೆಯುವ ಚಳಿಯಲ್ಲಿ, ಕೆಲಸ ಕಳಕೊಂಡ ಸಾವಿರಾರು ಜನ ಡೆಟ್ರಾಯಿಟ್‌ನಿಂದ ಪಕ್ಕದ ಊರು ಡಿಯರ್‌ಬಾರ್ನ್‌ನ ಫೋರ್ಡ್ ರೂಜ್ ಕಾರ್ಖಾನೆಯ ಕಡೆ ಮೆರವಣಿಗೆ ಹೊರಟರು. ಗಡಿ ದಾಟಿದ ಕೂಡಲೇ ಅಶ್ರುವಾಯು. ಆಮೇಲೆ ಬೆಂಕಿ ಆರಿಸುವ ಪೈಪಿನಿಂದ ತಣ್ಣೀರು. ಆಮೇಲೆ ಗುಂಡು. ಅಲ್ಲೇ ನಾಲ್ವರು ಸತ್ತರು. ಕೆಲವು ತಿಂಗಳ ನಂತರ ಐದನೆಯವನು ಸತ್ತ. ಅವನು ಕಪ್ಪು ಮನುಷ್ಯ. ಉಳಿದ ನಾಲ್ವರನ್ನು ಹೂತ ಸ್ಮಶಾನದಲ್ಲಿ ಅವನಿಗೆ ಜಾಗ ಕೊಡಲಿಲ್ಲ.

ಅದೇ ವರ್ಷದ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಚಿತ್ರಕಾರ ಡಿಯೆಗೋ ರಿವೇರಾ ಊರಿಗೆ ಬಂದ. ಎಡ್ಸೆಲ್ ಫೋರ್ಡ್ ಕೊಟ್ಟ ಹಣದಲ್ಲಿ ಕಲಾ ಸಂಗ್ರಹಾಲಯದ ಗೋಡೆಗಳ ಮೇಲೆ ಇದೇ ರೂಜ್ ಕಾರ್ಖಾನೆಯನ್ನು ಬರೆಯತೊಡಗಿದ. ಆ ಗೋಡೆಯಲ್ಲಿ ಎಲ್ಲರೂ ಬೆವರು ಸುರಿಸಿ ಎಂಜಿನ್ ಮಾಡುತ್ತಿದ್ದಾರೆ, ಯಾರೂ ಖಾಲಿ ಕೂತಿಲ್ಲ. ಹೊರಗೆ ನಗರ ಸಭೆ ಗಂಜಿ ಕೊಡಲು ಹೆಣಗುತ್ತಿತ್ತು. ಮೇಯರ್ ಫ್ರಾಂಕ್ ಮರ್ಫಿ ಖಾಲಿ ನಿವೇಶನಗಳಲ್ಲಿ ತರಕಾರಿ ಬೆಳೆದುಕೊಳ್ಳಿ ಎಂದು ಜನರಿಗೆ ಜಾಗ ಹಂಚಿದರು. ಏರುಗಾಲದಲ್ಲಿ ಬಡಾವಣೆ ಮಾಡಿ ಮಾರಲು ಇಟ್ಟ ಸೈಟುಗಳಲ್ಲಿ ಆಲೂಗಡ್ಡೆ.

ಈಗ ಬ್ಯಾಂಕಿಗೆ ಬರೋಣ. ಕಾರಿಗೂ ಬ್ಯಾಂಕಿಗೂ ನಡುವೆ ಇದ್ದದ್ದು ಮನೆ. ಆಗಿನ ಮನೆ ಸಾಲ ಈಗಿನ ಹಾಗೆ ಇಪ್ಪತ್ತು ಮೂವತ್ತು ವರ್ಷದ್ದಲ್ಲ. ಬಹುಪಾಲು ಮೂರರಿಂದ ಐದು ವರ್ಷದ್ದು. ಎಷ್ಟೋ ಸಾಲಗಳಲ್ಲಿ ಅಷ್ಟು ದಿನ ಬರೀ ಬಡ್ಡಿ ಕಟ್ಟುವುದು, ಅಸಲು ಕೊನೆಗೆ ಒಂದೇ ಗಂಟು. ಅಷ್ಟು ದೊಡ್ಡ ಗಂಟು ಯಾರ ಹತ್ತಿರ ಇರುತ್ತೆ? ಅವಧಿ ಮುಗಿದಾಗ ಬ್ಯಾಂಕಿಗೆ ಹೋಗಿ ಸಾಲವನ್ನು ಮುಂದುವರಿಸಿಕೊಂಡು ಬರುವುದು ವಾಡಿಕೆ. ಒಬ್ಬ ಕಾರ್ಮಿಕನನ್ನು ಸುಮ್ನೆ ಊಹಿಸಿಕೊಳ್ಳಿ. 1926ರಲ್ಲಿ ದಿನಕ್ಕೆ 6 ಡಾಲರ್, ವಾರಕ್ಕೆ ಐದು ದಿನ ಕೆಲಸ, 30 ಡಾಲರ್ ಸಂಬಳ. 5,000 ಡಾಲರಿನ ಮನೆ ತಗೊಂಡ. ಅರ್ಧ ದುಡ್ಡು ಕೈಯಿಂದ ಹಾಕಿ ಅರ್ಧಕ್ಕೆ ಸಾಲ ಮಾಡಿದ. ಐದು ವರ್ಷದ ಸಾಲ 1931ಕ್ಕೆ ಮುಗಿಯುತ್ತೆ. ಆ ಹೊತ್ತಿಗೆ ಅವನಿಗೆ ಕೆಲಸ ಇಲ್ಲ. ಮನೆಗೆ ಗಿರಾಕಿ ಇಲ್ಲ. ಬ್ಯಾಂಕಿಗೂ ನಗದು ಬೇಕು, ಹಾಗಾಗಿ ಸಾಲ ಮುಂದುವರಿಸಲು ಅದಕ್ಕೂ ಮನಸ್ಸಿಲ್ಲ. ಮನೆ ಬ್ಯಾಂಕಿನ ಪಾಲಾಗುತ್ತೆ. ಇವನು ಬೀದಿಗೆ ಬೀಳುತ್ತಾನೆ. ಬ್ಯಾಂಕಿಗೆ ಸಿಕ್ಕಿದ್ದು ಹಣವಲ್ಲ, ಮಾರಾಟವಾಗದ ಮನೆ. ಇಂಥವು ಸಾವಿರಾರು. ಯೂನಿಯನ್ ಗಾರ್ಡಿಯನ್ ಟ್ರಸ್ಟ್‌ನ ಆಸ್ತಿಯಲ್ಲಿ ದೊಡ್ಡ ಪಾಲು ಇಂಥ ನೆಲ, ಮನೆ ಮತ್ತು ಅಡಮಾನಗಳೇ.

ಬ್ಯಾಂಕಿನ ಮೇಲೊಂದು ಬ್ಯಾಂಕು

ಡೆಟ್ರಾಯಿಟ್‌ನ ಬ್ಯಾಂಕುಗಳಲ್ಲಿ ಬಹುಪಾಲು ಆ ಹೊತ್ತಿಗೆ ಎರಡು ಗುಂಪಿಗೆ ಸೇರಿಹೋಗಿದ್ದವು. ಒಂದು ಗಾರ್ಡಿಯನ್ ಡೆಟ್ರಾಯಿಟ್ ಯೂನಿಯನ್ ಸಮೂಹ. ಇನ್ನೊಂದು ಡೆಟ್ರಾಯಿಟ್ ಬ್ಯಾಂಕರ್ಸ್ ಕಂಪನಿ, ಅದರ ತಲೆಯಲ್ಲಿ ಫಸ್ಟ್ ನ್ಯಾಷನಲ್ ಬ್ಯಾಂಕ್. ಇವೆರಡೂ ಬ್ಯಾಂಕಲ್ಲ, ಬ್ಯಾಂಕುಗಳ ಷೇರು ಹಿಡಿದುಕೊಂಡ ಮೇಲಿನ ಕಂಪನಿಗಳು. ಕೆಳಗಿನ ಬ್ಯಾಂಕು ಲಾಭಾಂಶ ಮೇಲಕ್ಕೆ ಕಳಿಸಬೇಕು. ಮೇಲಿನ ಕಂಪನಿ ಅದನ್ನು ತನ್ನ ಷೇರುದಾರರಿಗೆ ಹಂಚಬೇಕು. ಒಳ್ಳೆಯ ಕಾಲದಲ್ಲಿ ಇದರಲ್ಲಿ ಏನೂ ತೊಂದರೆ ಇಲ್ಲ. ಕೆಟ್ಟ ಕಾಲದಲ್ಲಿ ಕೆಳಗಿನ ಬ್ಯಾಂಕಿಗೆ ದುಡ್ಡು ಕೂಡಿಡಬೇಕು, ಮೇಲಿನವರಿಗೆ ಷೇರು ಬೆಲೆ ಬೀಳಬಾರದು. ಗೆದ್ದದ್ದು ಮೇಲಿನವರ ಆಸೆ. ವಾಷಿಂಗ್ಟನ್‌ನಲ್ಲಿ ಸೆನೆಟ್ ಸಮಿತಿ ಮುಂದೆ ಇದನ್ನೆಲ್ಲಾ ಬಗೆದು ನೋಡಿದಾಗ, ಲೆಕ್ಕ ತೋರಿಸುವ ದಿನಕ್ಕೆ ಮುಖ ತೊಳೆದು ಪೌಡರ್ ಹಚ್ಚಿದ ಸಂಗತಿಗಳೂ ಹೊರಬಂದವು.

ಅಧ್ಯಕ್ಷ ಹರ್ಬರ್ಟ್ ಹೂವರ್ 1932ರ ಫೆಬ್ರವರಿಯಲ್ಲಿ ರೀಕನ್‌ಸ್ಟ್ರಕ್ಷನ್ ಫೈನಾನ್ಸ್ ಕಾರ್ಪೊರೇಷನ್ ಶುರು ಮಾಡಿದ್ದರು. ಬ್ಯಾಂಕುಗಳಿಗೆ, ರೈಲ್ವೆಗಳಿಗೆ ಸರ್ಕಾರಿ ಹಣದಿಂದ ಸಾಲ ಕೊಡುವ ಸಂಸ್ಥೆ, ಎಲ್ಲರೂ ಕರೆಯುತ್ತಿದ್ದದ್ದು ಆರ್‌ಎಫ್‌ಸಿ ಅಂತ. ಅದಕ್ಕೊಂದು ಷರತ್ತು. ಕೊಡುವ ಸಾಲಕ್ಕೆ ಪೂರ್ತಿ ಜಾಮೀನು ಇರಲೇಬೇಕು. 1932ರ ಜೂನ್‌ನಲ್ಲಿ ಷಿಕಾಗೋದ ಒಂದು ಬ್ಯಾಂಕಿಗೆ 9 ಕೋಟಿ ಡಾಲರ್ ಸಾಲ ಮಂಜೂರಾಯಿತು. ಆ ಬ್ಯಾಂಕು ಚಾರ್ಲ್ಸ್ ಡಾಸ್ ಅವರದ್ದು. ಡಾಸ್ ಕೆಲವೇ ವಾರಗಳ ಹಿಂದೆ ಇದೇ ಆರ್‌ಎಫ್‌ಸಿಯ ಅಧ್ಯಕ್ಷ! ಊರೆಲ್ಲಾ ಬೈದರು. ಜೋರಾಗಿ ಬೈದವರಲ್ಲಿ ಸೆನೆಟರ್ ಕಸನ್ಸ್ ಒಬ್ಬ. ಆಮೇಲೆ ಯಾರಿಗೆ ಸಾಲ ಕೊಟ್ಟರು ಎಂಬ ಪಟ್ಟಿ ಪತ್ರಿಕೆಗಳಲ್ಲಿ ಬರತೊಡಗಿತು. ಪಟ್ಟಿಯಲ್ಲಿ ಹೆಸರು ಬಂದರೆ ಬ್ಯಾಂಕಿಗೆ ಜ್ವರ ಇದೆ ಅಂತಲೇ ಅರ್ಥ.

ಆರು ದಿನ

1933ರ ಜನವರಿ ಕೊನೆಗೆ ಯೂನಿಯನ್ ಗಾರ್ಡಿಯನ್ ಟ್ರಸ್ಟ್ ಉಸಿರು ಬಿಗಿಹಿಡಿದಿತ್ತು. ಆಗಲೇ ಬ್ರಿಗ್ಸ್ ಎಂಬ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಮುಷ್ಕರ ನಡೆದು ಫೋರ್ಡ್ ಕೆಲಸವೂ ನಿಂತಿತ್ತು. ಟ್ರಸ್ಟ್ ಹಿಂದೆಯೇ ಆರ್‌ಎಫ್‌ಸಿಯಿಂದ ಸಾಲ ತಂದಿತ್ತು. ಈಗ ಇನ್ನೂ 5 ಕೋಟಿ ಡಾಲರ್‌ನಷ್ಟು ಬೇಕು ಎಂದಿತು. ಆರ್‌ಎಫ್‌ಸಿ ಪರೀಕ್ಷಕರು ಅಡವಿಗೆ ಇಟ್ಟದ್ದನ್ನು ನೋಡಿ, ಇದು ನಾಲ್ಕು ಕೋಟಿಯೂ ಬಾಳುವುದಿಲ್ಲ ಎಂದರು. ಮಿಕ್ಕದ್ದನ್ನು ತುಂಬಿಸುವುದು ಹೇಗೆ? ಒಂದು ಉಪಾಯ ಹೂಡಿದರು. ಟ್ರಸ್ಟ್‌ನಲ್ಲಿ ದೊಡ್ಡ ಠೇವಣಿ ಇಟ್ಟವರು ಸಾಲಿನ ಕೊನೆಗೆ ಹೋಗಿ ನಿಲ್ಲಲಿ. ಅಂದರೆ ಅವರ ಹಣ ಅಲ್ಲೇ ಇರಲಿ, ಉಳಿದವರಿಗೆಲ್ಲಾ ಕೊಟ್ಟ ಮೇಲೆ ಮಿಕ್ಕಿದರೆ ಅವರಿಗೆ. ಅತಿ ದೊಡ್ಡ ಠೇವಣಿ ಫೋರ್ಡ್ ಕಂಪನಿಯದು, 75 ಲಕ್ಷ ಡಾಲರ್.

ಫೆಬ್ರವರಿ 9ರಂದು ಹೂವರ್ ಮಿಷಿಗನ್‌ನ ಇಬ್ಬರು ಸೆನೆಟರ್‌ಗಳನ್ನು ಕರೆಸಿದರು. ಒಬ್ಬರು ಆರ್ಥರ್ ವ್ಯಾಂಡೆನ್‌ಬರ್ಗ್. ಇನ್ನೊಬ್ಬ ನಮ್ಮ ಕಸನ್ಸ್. ಜಾಮೀನು ಸಾಲದಿದ್ದರೆ ಸರ್ಕಾರ ಸಾಲ ಕೊಡಬಾರದು, ಕೊಟ್ಟರೆ ಮನೆ ಮೇಲೆ ಹತ್ತಿ ಕೂಗುತ್ತೇನೆ ಎಂದ ಕಸನ್ಸ್. ಹೂವರ್ ಅವನನ್ನೇ ಸ್ವಲ್ಪ ಹಣ ಹಾಕು ಅಂದರು. ಏನು ಕೇಳಿದರು, ಇವನು ಏನು ಹೇಳಿದ ಎಂಬುದಕ್ಕೆ ಇಬ್ಬರೂ ಆಮೇಲೆ ಬೇರೆ ಬೇರೆ ಕಥೆ ಹೇಳಿದರು. ಹಣವಂತೂ ಬರಲಿಲ್ಲ.

ಹೂವರ್ ಅಷ್ಟೊತ್ತಿಗೆ ಚುನಾವಣೆ ಸೋತಿದ್ದವರು ಎಂಬುದನ್ನೂ ಮರೆಯಬಾರದು. ನವೆಂಬರ್‌ನಲ್ಲಿ ಗೆದ್ದ ಫ್ರಾಂಕ್ಲಿನ್ ರೂಸ್ವೆಲ್ಟ್ ಕುರ್ಚಿ ಏರಬೇಕಾದದ್ದು ಮಾರ್ಚ್ 4ಕ್ಕೆ. ನಡುವೆ ನಾಲ್ಕು ತಿಂಗಳು ಸೋತವನು ಕುರ್ಚಿಯಲ್ಲಿ, ಗೆದ್ದವನು ಹೊರಗೆ. ಈ ಅಂತರವನ್ನು ಕಡಿಮೆ ಮಾಡುವ ಸಂವಿಧಾನ ತಿದ್ದುಪಡಿಗೆ ಅದೇ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತ್ತು. ಈ ಸಲಕ್ಕೆ ಮಾತ್ರ ಅದು ಅನ್ವಯಿಸುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬೀಗದಕೈ ಯಾರ ಹತ್ತಿರ ಇದೆ ಅಂತ ಹುಡುಕಿದ ಹಾಗೆ.

13ರ ಸೋಮವಾರ ಹೂವರ್ ಕಳಿಸಿದ ಇಬ್ಬರು ಡಿಯರ್‌ಬಾರ್ನ್‌ಗೆ ಹೋಗಿ ಹೆನ್ರಿ ಫೋರ್ಡ್ ಎದುರು ಕೂತರು. ವಾಣಿಜ್ಯ ಕಾರ್ಯದರ್ಶಿ ರಾಯ್ ಚಾಪಿನ್, ಖಜಾನೆಯ ಅಧೀನ ಕಾರ್ಯದರ್ಶಿ ಆರ್ಥರ್ ಬ್ಯಾಲಂಟೈನ್. ಚಾಪಿನ್ ಕೂಡ ಡೆಟ್ರಾಯಿಟ್‌ನವರೇ, ಹಡ್ಸನ್ ಕಾರು ಕಂಪನಿ ಕಟ್ಟಿದವರು. ಅಂದರೆ ಫೋರ್ಡ್ ಕಣ್ಣಿಗೆ ಸರ್ಕಾರ ಕಳಿಸಿದ ದೂತನೂ ಒಬ್ಬ ಪ್ರತಿಸ್ಪರ್ಧಿಯೇ. ಎಡ್ಸೆಲ್ ಕೂಡ ಅಲ್ಲಿದ್ದ. ಆ ಕೋಣೆಯಲ್ಲಿ ನನಗೆ ಕಾಡುವವನು ಇವನೇ. ಮುಳುಗುತ್ತಿರುವುದು ಇವನ ಷಡ್ಡಕನ ಸಮೂಹ. ಅದರಲ್ಲಿ ಇವನ ಸ್ವಂತ ಹಣವೂ ಇದೆ. ಕಾಗದದ ಮೇಲೆ ಫೋರ್ಡ್ ಕಂಪನಿಯ ಅಧ್ಯಕ್ಷನೂ ಇವನೇ, 1919ರಿಂದ. ತೀರ್ಮಾನ ಮಾತ್ರ ಅಪ್ಪನದು.

ಅಪ್ಪ ಒಪ್ಪಲಿಲ್ಲ. ಸಾಲ ಕೊಡುವುದು ಸರ್ಕಾರದ ಕೆಲಸ, ನನ್ನ ಹಣವನ್ನು ಯಾಕೆ ಒತ್ತೆ ಇಡಲಿ ಎಂದ. ನೀವು ಒಪ್ಪದಿದ್ದರೆ ಟ್ರಸ್ಟ್ ಬೀಳುತ್ತೆ, ಊರಿನ ಬೇರೆ ಬ್ಯಾಂಕುಗಳಿಗೂ ತಗಲುತ್ತೆ ಎಂದರು ಬಂದವರು. ಟ್ರಸ್ಟ್ ಬಿದ್ದರೆ ಮಂಗಳವಾರ ಬೆಳಿಗ್ಗೆಯೇ ಫಸ್ಟ್ ನ್ಯಾಷನಲ್ ಬ್ಯಾಂಕಿನಲ್ಲಿರುವ ನನ್ನ 2.5 ಕೋಟಿ ಡಾಲರನ್ನೂ ತೆಗೆಯುತ್ತೇನೆ ಎಂದ ಫೋರ್ಡ್. ಬೀಳುವುದಾದರೆ ಬೀಳಲಿ, ನಾನಿನ್ನೂ ಗಟ್ಟಿಯಾಗಿದ್ದೇನೆ, ಮತ್ತೆ ಕಟ್ಟಬಲ್ಲೆ ಎಂಬ ಅರ್ಥದ ಮಾತನ್ನೂ ಆಡಿದನಂತೆ. ಆಗ ಅವನಿಗೆ 69 ವರ್ಷ.

ಅಲ್ಲಿಂದ ಮುಂದೆ ಲೆಕ್ಕ ಸರಳ. ಫಸ್ಟ್ ನ್ಯಾಷನಲ್ ಡೆಟ್ರಾಯಿಟ್‌ನ ದೊಡ್ಡ ಬ್ಯಾಂಕು. ಅಲ್ಲಿಂದ ಎರಡೂವರೆ ಕೋಟಿ ಒಂದೇ ಬೆಳಿಗ್ಗೆ ಹೋದರೆ, ಸುದ್ದಿ ಹಬ್ಬಿ ಬೀದಿ ತುಂಬಾ ಸಾಲು ನಿಲ್ಲುತ್ತೆ. ಹಳ್ಳಿ ಪಟ್ಟಣಗಳ ಸಣ್ಣ ಬ್ಯಾಂಕುಗಳು ತಮ್ಮ ಮೀಸಲು ಹಣ ಇಟ್ಟಿರುವುದೂ ಡೆಟ್ರಾಯಿಟ್‌ನ ಇಂಥ ದೊಡ್ಡ ಬ್ಯಾಂಕುಗಳಲ್ಲೇ. ಅವೂ ಓಡಿ ಬರುತ್ತವೆ. ಒಂದನ್ನು ಮುಚ್ಚಿದರೆ ಉಳಿದವು ತಾವಾಗಿ ಬೀಳುತ್ತವೆ. ಹಾಗಾಗಿ ರೋಗ ಒಂದಕ್ಕಿದ್ದರೂ ಬೀಗ 550ಕ್ಕೆ. ಹುದ್ದೆಗೆ ಬಂದು ಆರು ವಾರವಾಗಿದ್ದ ಗವರ್ನರ್ ಕಾಮ್‌ಸ್ಟಾಕ್‌ರನ್ನು ಡೆಟ್ರಾಯಿಟ್‌ಗೆ ಕರೆಸಿಕೊಂಡು, ಬ್ಯಾಂಕರುಗಳು ಮಧ್ಯರಾತ್ರಿ ದಾಟುವವರೆಗೆ ಕೂತು ಇದನ್ನೇ ವಿವರಿಸಿದರು. ಮಿಕ್ಕದ್ದು ಗೊತ್ತೇ ಇದೆ.

ಯಾರ ತಪ್ಪು?

ಫೋರ್ಡ್‌ನ ಹಠವೇ ಬ್ಯಾಂಕುಗಳನ್ನು ಕೊಂದಿತು ಎಂದು ಒಂದು ಕಡೆಯವರು. ಅವು ಆಗಲೇ ಸತ್ತಿದ್ದವು, ಅವನು ಬರೀ ಮುಸುಕು ತೆಗೆದ ಎಂದು ಇನ್ನೊಂದು ಕಡೆಯವರು. ನನಗೆ ಅನಿಸುವುದು ಬೇರೆ. ಟ್ರಸ್ಟ್‌ನ ವಿಷಯದಲ್ಲಿ ಎರಡನೆಯವರು ಸರಿ. ಮಾರಾಟವಾಗದ ಮನೆಗಳ ಮೇಲೆ ನಿಂತ ಸಂಸ್ಥೆ ಅದು. 75 ಲಕ್ಷ ಡಾಲರ್ ಅದಕ್ಕೆ ಕೆಲವು ವಾರ ಕೊಡುತ್ತಿತ್ತು ಅಷ್ಟೇ. ಆದರೆ ಫಸ್ಟ್ ನ್ಯಾಷನಲ್‌ನಿಂದ ಹಣ ತೆಗೆಯುತ್ತೇನೆ ಎಂಬ ಮಾತಿದೆಯಲ್ಲ, ಒಂದು ಟ್ರಸ್ಟ್‌ನ ರೋಗವನ್ನು ರಾಜ್ಯದ ರೋಗ ಮಾಡಿದ್ದು ಅದು. ಅದಕ್ಕೆ ಯಾವ ತತ್ವದ ಸಮರ್ಥನೆಯೂ ಸಿಗುವುದಿಲ್ಲ.

ಕಸನ್ಸ್‌ನ ಮಾತು ಕಾನೂನಿನ ಪ್ರಕಾರ ನೂರಕ್ಕೆ ನೂರು ಸರಿ. ಜಾಮೀನಿಲ್ಲದೆ ಜನರ ಹಣ ಕೊಡಬಾರದು. ಷಿಕಾಗೋ ಬ್ಯಾಂಕಿಗೆ ಒಂದು ನ್ಯಾಯ, ಡೆಟ್ರಾಯಿಟ್‌ಗೆ ಒಂದು ನ್ಯಾಯ ಎಂದು ಅವನು ಹೇಳುವಂತಿರಲಿಲ್ಲ. ಆದರೆ ಇದು ಅವನದೇ ಊರು. ಒಂದು ಕಾಲಕ್ಕೆ ಇದರ ಮೇಯರ್. ಅವನ ಸಂಪತ್ತೂ ಇದೇ ಊರಿನ ಕಾರಿನಿಂದ ಬಂದದ್ದು. ಬಡವರ ಮಕ್ಕಳಿಗಾಗಿ ಕೋಟಿಗಟ್ಟಲೆ ದಾನ ಕೊಟ್ಟ ಮನುಷ್ಯ ಅವನು, ಜಿಪುಣನಲ್ಲ. ಫೋರ್ಡ್ ಹೆಸರು ಮಾತಿಗೆ ಬಂದ ಕೂಡಲೇ ಮಾತ್ರ ಇವನ ಮೈ ಬಿಗಿಯಾಗುತ್ತಿತ್ತು, ಅವನದೂ ಅಷ್ಟೇ. ಹದಿನೆಂಟು ವರ್ಷದ ಹಿಂದಿನ ಮುನಿಸನ್ನು ಯಾರೂ ಕಡತದಲ್ಲಿ ಬರೆಯುವುದಿಲ್ಲ, ಆದರೂ ಅದು ಆ ವಾರ ಕೋಣೆ ಕೋಣೆಯಲ್ಲೂ ಕೂತಿತ್ತು.

ಇನ್ನೂ ಒಂದು ವಿಷಯ. ಇಷ್ಟು ದೊಡ್ಡ ಊರಿನ ಬ್ಯಾಂಕುಗಳ ಭವಿಷ್ಯ ಒಬ್ಬ ಮನುಷ್ಯನ ಹೂಂ ಉಹೂಂ ಮೇಲೆ ನಿಂತಿತಲ್ಲ, ಆ ಪರಿಸ್ಥಿತಿ ಫೆಬ್ರವರಿಯಲ್ಲಿ ಹುಟ್ಟಿದ್ದಲ್ಲ. ಸಂಬಳ ಕಾರಿನಿಂದ, ಮನೆ ಆ ಸಂಬಳದಿಂದ, ಬ್ಯಾಂಕಿನ ಅಡಮಾನ ಆ ಮನೆಯಿಂದ, ನಗರದ ತೆರಿಗೆಯೂ ಅದೇ ಮನೆಯಿಂದ. ಒಳ್ಳೆಯ ದಿನಗಳಲ್ಲಿ ಇದನ್ನೇ ಡೆಟ್ರಾಯಿಟ್‌ನ ಶಕ್ತಿ ಎಂದರು.

ನಗದಿಲ್ಲದ ಊರು

ಸಂಬಳದ ಚೆಕ್ ಕೈಯಲ್ಲಿದೆ, ಅದನ್ನು ನಗದು ಮಾಡಿಕೊಳ್ಳಲು ಜಾಗ ಇಲ್ಲ. ದಿನಸಿ ಅಂಗಡಿಯವರು ಗುರುತಿದ್ದವರಿಗೆ ಸಾಲ ಬರೆದುಕೊಂಡರು. ನದಿಯ ಆಚೆ ದಡದಲ್ಲಿ ಕೆನಡಾದ ವಿಂಡ್ಸರ್. ಅಲ್ಲಿಯ ಬ್ಯಾಂಕುಗಳು ಎಂದಿನಂತೆ ತೆರೆದಿದ್ದವು. 1929ರ ನವೆಂಬರ್‌ನಲ್ಲಿ, ಷೇರುಪೇಟೆ ಬಿದ್ದ ಬೆನ್ನಿಗೇ, ಆ ದಡಕ್ಕೆ ಹೋಗುವ ದೊಡ್ಡ ತೂಗು ಸೇತುವೆ ತೆರೆದಿತ್ತು. ಈಗ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಇನ್ನೊಂದು ದೇಶದ ಗಲ್ಲಾಪೆಟ್ಟಿಗೆ ಎಂದಿನಂತೆ ಸದ್ದು ಮಾಡುತ್ತಿತ್ತು. ನಗರ ಸಭೆಗೂ ಹಣ ಇರಲಿಲ್ಲ. ಮುಂದೆ ಅದು ತನ್ನದೇ ಕಾಗದದ ಚೀಟಿ ಅಚ್ಚು ಹಾಕಿ ನೌಕರರಿಗೆ ಸಂಬಳವಾಗಿ ಕೊಟ್ಟಿತು.

ಎಂಟು ದಿನ ಮುಗಿದಾಗ ಬಾಗಿಲು ಪೂರ್ತಿ ತೆರೆಯಲಿಲ್ಲ. ಠೇವಣಿಯ ಸಣ್ಣದೊಂದು ಪಾಲು ಮಾತ್ರ ತೆಗೆಯಬಹುದಿತ್ತು. ಅಷ್ಟರಲ್ಲಿ ಬೆಂಕಿ ಗಡಿ ದಾಟಿತ್ತು. ಮಿಷಿಗನ್‌ನ ಕಂಪನಿಗಳು ಕೂಲಿ ಕೊಡಲು ಬೇರೆ ರಾಜ್ಯಗಳ ಬ್ಯಾಂಕಿನಿಂದ ಹಣ ಎಳೆದವು. ನಾಳೆ ನಮ್ಮೂರಲ್ಲೂ ಹೀಗೆ ಆದರೆ ಎಂದು ಆ ಊರುಗಳ ಜನ ಸಾಲು ನಿಂತರು. ಮಿಷಿಗನ್‌ಗೆ ಮೊದಲೇ ನೆವಾಡಾ, ಲೂಸಿಯಾನಾಗಳಲ್ಲಿ ಇಂಥ ರಜೆ ಆಗಿತ್ತು ನಿಜ. ಆದರೆ ಕಾರ್ಖಾನೆಗಳ ರಾಜ್ಯ ಒಂದು ಇಡೀ ಮುಚ್ಚಿದ್ದು ಇದೇ ಮೊದಲು. ಫೆಬ್ರವರಿ 25ಕ್ಕೆ ಮೇರಿಲ್ಯಾಂಡ್. ಆಮೇಲೆ ಸಾಲು ಸಾಲು. ಮಾರ್ಚ್ 4ರ ಬೆಳಗಿನ ಜಾವ ನ್ಯೂಯಾರ್ಕ್ ಮತ್ತು ಇಲಿನಾಯ್ ಕೂಡ ಬಾಗಿಲು ಹಾಕಿದವು. ಅದೇ ದಿನ ಮಧ್ಯಾಹ್ನ ರೂಸ್ವೆಲ್ಟ್ ಪ್ರಮಾಣವಚನ ತೆಗೆದುಕೊಂಡರು. ಎರಡು ದಿನ ಕಳೆದು ಇಡೀ ದೇಶದ ಬ್ಯಾಂಕುಗಳಿಗೆ ರಜೆ. 9ಕ್ಕೆ ತುರ್ತು ಬ್ಯಾಂಕ್ ಕಾಯಿದೆ. 12ರ ಭಾನುವಾರ ರಾತ್ರಿ ಅವರು ರೇಡಿಯೋದಲ್ಲಿ, ಬ್ಯಾಂಕು ಅಂದರೆ ಏನು ಎಂಬಲ್ಲಿಂದ ಶುರು ಮಾಡಿ, ಎದುರು ಮನೆಯವರಿಗೆ ಹೇಳುವ ಹಾಗೆ ವಿವರಿಸಿದರು. ಮಾರನೇ ದಿನದಿಂದ ಬ್ಯಾಂಕುಗಳು ಒಂದೊಂದಾಗಿ ತೆರೆದವು, ಜನ ತೆಗೆದ ಹಣವನ್ನೇ ತಂದು ಮತ್ತೆ ಇಟ್ಟರು.

ಡೆಟ್ರಾಯಿಟ್‌ನ ಎರಡು ದೊಡ್ಡ ಬ್ಯಾಂಕುಗಳು ಮಾತ್ರ ತೆರೆಯಲಿಲ್ಲ. ನಡುವೆ ಫೆಬ್ರವರಿ ಕೊನೆಗೆ ಫೋರ್ಡೇ ಮುಂದೆ ಬಂದು, ಎರಡನ್ನೂ ನಾನೇ ಬಂಡವಾಳ ಹಾಕಿ ನಡೆಸುತ್ತೇನೆ ಎಂದಿದ್ದ. ಬೇಡ ಎಂದದ್ದಕ್ಕೆ ಎರಡು ವಾರ ತುಂಬಿರಲಿಲ್ಲ. ಆಗಬಹುದು ಎಂದು ಮೊದಲು ಕಂಡದ್ದು ಕೊನೆಗೆ ಮುರಿದುಬಿತ್ತು. ಊರಿನ ಬ್ಯಾಂಕುಗಳೆಲ್ಲಾ ಫೋರ್ಡ್ ಜೇಬಿಗೆ ಹೋಗುವುದು ಬ್ಯಾಂಕರುಗಳಿಗೆ ಬೇಕಿರಲಿಲ್ಲ. ಮಾರ್ಚ್ 24ಕ್ಕೆ ನ್ಯಾಷನಲ್ ಬ್ಯಾಂಕ್ ಆಫ್ ಡೆಟ್ರಾಯಿಟ್ ಎಂಬ ಹೊಸ ಬ್ಯಾಂಕು ಬಾಗಿಲು ತೆರೆಯಿತು. ಅರ್ಧ ಬಂಡವಾಳ, 1.25 ಕೋಟಿ ಡಾಲರ್, ಜನರಲ್ ಮೋಟಾರ್ಸ್‌ನದು. ಇನ್ನರ್ಧ ಆರ್‌ಎಫ್‌ಸಿಯದು. ಒಂದೂವರೆ ತಿಂಗಳ ಹಿಂದೆ ಕೊಡಲಾಗದಿದ್ದ ಸರ್ಕಾರದ ಹಣವೇ ಈಗ ಬಂಡವಾಳವಾಗಿ ಬಂತು. ಆಗಸ್ಟ್‌ನಲ್ಲಿ ಫೋರ್ಡ್ ಕುಟುಂಬವೂ ತನ್ನ ಕಡೆಯಿಂದ ಒಂದು ಬ್ಯಾಂಕು ಶುರು ಮಾಡಿತು, ಮ್ಯಾನುಫ್ಯಾಕ್ಚರರ್ಸ್ ನ್ಯಾಷನಲ್. ಹಳೇ ಬ್ಯಾಂಕುಗಳ ಠೇವಣಿದಾರರು ತಮ್ಮ ದುಡ್ಡಿಗಾಗಿ ವರ್ಷಗಟ್ಟಲೆ ಕಂತು ಕಂತಾಗಿ ಕಾದರು. ಕಾರು ಕೊಂಡಿದ್ದೂ ಕಂತಿನಲ್ಲಿ, ಉಳಿತಾಯ ವಾಪಸ್ ಬಂದದ್ದೂ ಕಂತಿನಲ್ಲಿ.

ಅದೇ ವರ್ಷದ ಜೂನ್‌ನ ಬ್ಯಾಂಕಿಂಗ್ ಕಾಯಿದೆ ಠೇವಣಿ ವಿಮೆಯನ್ನು ತಂದಿತು. ದೊಡ್ಡ ಬ್ಯಾಂಕರುಗಳಲ್ಲಿ ಹೆಚ್ಚಿನವರು ಅದನ್ನು ವಿರೋಧಿಸಿದ್ದರು. ರೂಸ್ವೆಲ್ಟ್‌ಗೂ ಮೊದಮೊದಲು ಮನಸ್ಸಿರಲಿಲ್ಲ. ಸೆನೆಟ್‌ನಲ್ಲಿ ಅದಕ್ಕೆ ಪಟ್ಟು ಹಿಡಿದವರಲ್ಲಿ ಮಿಷಿಗನ್‌ನ ವ್ಯಾಂಡೆನ್‌ಬರ್ಗ್ ಮುಖ್ಯರು. ಅವರ ಊರಿನವರ ಹಣ ಒಳಗೆ ಸಿಕ್ಕಿಕೊಂಡದ್ದನ್ನು ಅವರು ನೋಡಿದ್ದರಲ್ಲ. 1934ರ ಜನವರಿ 1ರಿಂದ ಒಬ್ಬ ಠೇವಣಿದಾರನಿಗೆ ಸಿಕ್ಕ ಭರವಸೆ 2,500 ಡಾಲರ್. 1903ರಲ್ಲಿ ಕಸನ್ಸ್ ಫೋರ್ಡ್ ಕಂಪನಿಗೆ ಹಾಕಿದ್ದೂ ಅಷ್ಟೇ.